ಕಸುಬುದಾರ ಪತ್ತೇದಾರರು: ಮರೆತುಹೋದ ಕಥೆಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಮಸಿಕುಡಿಕೆ

ಹಳೆಯ ಇಂಗ್ಲಿಷ್ ಪತ್ತೇದಾರಿ ಕಥೆಗಳನ್ನು ಓದಿಕೊಂಡವರಲ್ಲಿ ಒಂದು ವಿಚಾರ ಕೇಳಬೇಕಾಗಿದೆ. 1890ರ ದಶಕದಿಂದ ಎರಡನೆಯ ಮಹಾಯುದ್ಧದ ಆಸುಪಾಸಿನವರೆಗೆ ಬಂದ ಕಥೆಗಳಲ್ಲಿ ಅಪರಾಧ ಪತ್ತೆಹಚ್ಚುವವರು ಸಾಮಾನ್ಯವಾಗಿ ಪೊಲೀಸರಾಗಿರುತ್ತಾರೆ, ಶುಲ್ಕ ಪಡೆಯುವ ಖಾಸಗಿ ಪತ್ತೇದಾರರಾಗಿರುತ್ತಾರೆ, ಎರಡೂ ಅಲ್ಲದಿದ್ದರೆ ಹೊಟ್ಟೆಪಾಡಿನ ಚಿಂತೆಯೇ ಇಲ್ಲದ ಸಿರಿವಂತ ಹವ್ಯಾಸಿಗಳಾಗಿರುತ್ತಾರೆ. ಈ ಮೂರನೆಯ ಗುಂಪಿನವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ತಕರಾರು ಇದೆ. ಕೊಲೆಯ ಸುದ್ದಿ ಕಿವಿಗೆ ಬಿದ್ದೊಡನೆ ಕಾರು ಹತ್ತಿ ಹೊರಟುಬಿಡುವ ಇವರು ಯಾರ ಬಳಿಯೂ ರಜೆ ಕೇಳಬೇಕಾಗಿಲ್ಲ, ಯಾವ ಗಿರಾಕಿಗೂ ನಾಳೆ ಬನ್ನಿ ಎಂದು ಹೇಳಿ ಕಳಿಸಬೇಕಾಗಿಲ್ಲ.

ನನಗೆ ಬೇಕಾಗಿರುವ ನಾಯಕನಿಗೆ ಅಥವಾ ನಾಯಕಿಗೆ ಒಂದು ಸಾಧಾರಣ ಕಸುಬಿರಬೇಕು, ಜೀವನ ಅದರಿಂದಲೇ ಸಾಗಬೇಕು, ಮತ್ತು ಆ ಕಸುಬು ಕಥೆಯ ಒಳಗೆ ಕೆಲಸ ಮಾಡಬೇಕು. ಕೊನೆಯ ಷರತ್ತೇ ಮುಖ್ಯವಾದದ್ದು. ಸ್ಯಾಕ್ಸ್ ರೋಮರ್ ಬರೆದ ಮೋರಿಸ್ ಕ್ಲಾ ಕಥೆಗಳನ್ನು, ಅಂದರೆ 1920ರಲ್ಲಿ ಪುಸ್ತಕವಾಗಿ ಬಂದ ‘ದಿ ಡ್ರೀಮ್ ಡಿಟೆಕ್ಟಿವ್’ ಸಂಕಲನವನ್ನು, ಆಸೆಯಿಂದ ಓದಿ ನಿರಾಶನಾದೆ. ಲಂಡನ್ನಿನ ವಾಪಿಂಗ್‌ನಲ್ಲಿ ಅವನದೊಂದು ಹಳೆಯ ವಸ್ತುಗಳ ಅಂಗಡಿ ಇದೆ. ಯಾರಾದರೂ ಒಳಗೆ ಕಾಲಿಟ್ಟರೆ ಗಿಳಿಯೊಂದು ಅವನ ಹೆಸರು ಹಿಡಿದು ಕೂಗುತ್ತದೆ. ಇಷ್ಟೆಲ್ಲ ಸೊಗಸಾದ ಏರ್ಪಾಡು ಮಾಡಿಕೊಂಡ ಬಳಿಕ ಅವನು ಮಾಡುವುದೇನೆಂದರೆ, ಅಪರಾಧ ನಡೆದ ಜಾಗಕ್ಕೆ ತನ್ನ ದಿಂಬನ್ನು ಒಯ್ದು, ಅಲ್ಲಿಯೇ ಮಲಗಿ, ಕನಸಿನಲ್ಲಿ ಸುಳಿವು ಕಾಣುವುದು! ಅವನನ್ನು ಗಡಿಯಾರ ರಿಪೇರಿಯವನನ್ನಾಗಿ ಮಾಡಿದ್ದರೂ ಆ ಕನಸುಗಳಿಗೆ ಯಾವ ಧಕ್ಕೆಯೂ ಆಗುತ್ತಿರಲಿಲ್ಲ.

ಫಾದರ್ ಬ್ರೌನ್‌ನನ್ನು ದಯವಿಟ್ಟು ಸೂಚಿಸಬೇಡಿ. ಪಾಪನಿವೇದನೆಗಳನ್ನು ಕೇಳಿ ಕೇಳಿ ಮನುಷ್ಯನ ಕೇಡನ್ನು ಬಲ್ಲವನಾದ ಆ ಪಾದ್ರಿ ನನ್ನ ಷರತ್ತಿಗೆ ಹೊಂದುತ್ತಾನೆ ನಿಜ, ಆದರೆ ಅವನನ್ನು ಯಾರೂ ಮರೆತಿಲ್ಲ. ನನಗೆ ಬೇಕಾಗಿರುವುದು ಮರೆತುಹೋದವರು. ಅವರು ಏಕೆ ಮರೆತುಹೋದರು ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ತಾಳೆಗರಿ

ನಿಮ್ಮ ಷರತ್ತಿಗೆ ಅಳತೆ ಕೊಟ್ಟು ಹೊಲಿಸಿದಂತಿರುವ ಪುಸ್ತಕವೊಂದಿದೆ: ಫರ್ಗಸ್ ಹ್ಯೂಮ್ ಬರೆದ, 1898ರಲ್ಲಿ ಪ್ರಕಟವಾದ ‘ಹೇಗರ್ ಆಫ್ ದಿ ಪಾನ್-ಶಾಪ್’. ಹ್ಯೂಮ್‌ನ ಹೆಸರು ಇಂದು ನೆನಪಿದ್ದರೆ ಅದು ‘ದಿ ಮಿಸ್ಟರಿ ಆಫ್ ಎ ಹ್ಯಾನ್ಸಮ್ ಕ್ಯಾಬ್’ ಎಂಬ ಕಾದಂಬರಿಯಿಂದ. 1886ರಲ್ಲಿ ಮೆಲ್ಬರ್ನ್‌ನಲ್ಲಿ ಅಚ್ಚಾದ ಆ ಪುಸ್ತಕದ ಹಕ್ಕನ್ನು ಅವನು 50 ಪೌಂಡಿಗೆ ಮಾರಿಬಿಟ್ಟ. ಆಮೇಲೆ ಅದು ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾದಾಗ ಲಾಭವೆಲ್ಲ ಬೇರೆಯವರ ಪಾಲಾಯಿತು. ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಈ ಲೇಖಕನ ಉಳಿದ ಬರಹವೆಲ್ಲ ಮೂಲೆಗೆ ಸರಿಯಿತು, ಅದರೊಂದಿಗೆ ಹೇಗರ್ ಕೂಡ.

ಹೇಗರ್ ಸ್ಟಾನ್ಲಿ ರೋಮಾ (ಜಿಪ್ಸಿ) ಜನಾಂಗದ ಯುವತಿ. ತನ್ನವರ ನಡುವಿನ ಒಬ್ಬನ ಕಾಟ ತಾಳಲಾರದೆ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಗಿರವಿ ಅಂಗಡಿ ನಡೆಸುತ್ತಿದ್ದ ಜೇಕಬ್ ಡಿಕ್ಸ್ ಎಂಬ ಮುದಿ ಜಿಪುಣನ ಆಶ್ರಯಕ್ಕೆ ಬರುತ್ತಾಳೆ, ಅವನ ಕೈಕೆಳಗೆ ವ್ಯವಹಾರ ಕಲಿಯುತ್ತಾಳೆ. ಅವನು ಸತ್ತ ಮೇಲೆ ಆಸ್ತಿಯನ್ನು ತಾನು ಮುಟ್ಟದೆ, ಎಲ್ಲಿಯೋ ಹೊರಟುಹೋಗಿರುವ ಅವನ ಮಗ ಬರುವವರೆಗೆ ಅಂಗಡಿಯನ್ನು ನೋಡಿಕೊಳ್ಳುತ್ತಾಳೆ. ಮುಂದಿನ ಅಧ್ಯಾಯಗಳ ಹೆಸರುಗಳೇ ಪುಸ್ತಕದ ಕಟ್ಟಡವನ್ನು ತೋರಿಸುತ್ತವೆ: ಮೊದಲನೆಯ ಗಿರಾಕಿ ಮತ್ತು ಫ್ಲಾರೆನ್ಸಿನ ಡಾಂಟೆ ಪುಸ್ತಕ, ಎರಡನೆಯ ಗಿರಾಕಿ ಮತ್ತು ಅಂಬರ್ ಮಣಿಗಳು, ಹೀಗೆ ಒಬ್ಬೊಬ್ಬ ಗಿರಾಕಿ, ಒಂದೊಂದು ವಸ್ತು. ಜೇಡ್ ಕಲ್ಲಿನ ವಿಗ್ರಹ, ತಾಮ್ರದ ಬೀಗದಕೈ, ಬೆಳ್ಳಿಯ ಟೀ ಪಾತ್ರೆ, ಒಂದು ಜೊತೆ ಬೂಟು, ಎಲ್ಲವೂ ಅವಳ ಕಟ್ಟೆಯ ಮೇಲೆ ಬಂದು ಕೂರುತ್ತವೆ. ಅಪರಾಧವನ್ನು ಹುಡುಕಿಕೊಂಡು ಅವಳು ಎಲ್ಲಿಗೂ ಹೋಗಬೇಕಾಗಿಲ್ಲ, ಅದೇ ಅಡವಿಡಲು ಬರುತ್ತದೆ.

ಇದು ಎಷ್ಟು ಚೆನ್ನಾದ ಯೋಜನೆ ಎಂಬುದು ಆ ಕಾಲದ ಗಿರವಿ ಕಾನೂನನ್ನು ನೋಡಿದಾಗ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ 1872ರ ಕಾಯ್ದೆಯ ಪ್ರಕಾರ ಅಡವಿಟ್ಟ ವಸ್ತುವನ್ನು ಬಿಡಿಸಿಕೊಳ್ಳಲು ಹನ್ನೆರಡು ತಿಂಗಳ ಗಡುವು, ಅದರ ಮೇಲೆ ಏಳು ದಿನಗಳ ರಿಯಾಯಿತಿ ಇತ್ತು. ಸಾಲ 10 ಶಿಲಿಂಗ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಗಡುವು ಮೀರಿದ ವಸ್ತು ನೇರವಾಗಿ ಅಂಗಡಿಯವರದಾಗುತ್ತಿತ್ತು. ಅದಕ್ಕಿಂತ ಹೆಚ್ಚಿದ್ದರೆ ಬಹಿರಂಗ ಹರಾಜು ಹಾಕಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಗಿರವಿ ಚೀಟಿ ಯಾರ ಕೈಯಲ್ಲಿದೆಯೋ ಅವರೇ ವಸ್ತುವನ್ನು ಬಿಡಿಸಿಕೊಳ್ಳುವ ಹಕ್ಕುಳ್ಳವರೆಂದು ಕಾನೂನು ಭಾವಿಸುತ್ತಿತ್ತು. ಇಟ್ಟವನು ಒಬ್ಬ, ಚೀಟಿ ಹಿಡಿದು ಬಂದವನು ಇನ್ನೊಬ್ಬ, ವಸ್ತುವಿನ ನಿಜವಾದ ಒಡೆಯ ಮೂರನೆಯವನು, ಈ ಮೂವರ ಮುಖವನ್ನೂ ನೋಡಿರುವವಳು ಕಟ್ಟೆಯ ಹಿಂದೆ ನಿಂತ ಒಬ್ಬಳೇ. ಕಥೆಗಾರನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ವಸ್ತುವಿನ ಬೆಲೆ ಕಟ್ಟುವಾಗಲೇ ತಂದವರ ಬೆಲೆಯನ್ನೂ ಕಟ್ಟುವುದು ಗಿರವಿ ವ್ಯಾಪಾರದ ಮೊದಲ ಪಾಠ. ಹರಿದ ಅಂಗಿಯವನ ಕೈಯಲ್ಲಿ ಚಿನ್ನದ ಪೆಟ್ಟಿಗೆ ಕಂಡರೆ ಅಂಗಡಿಯವರಿಗೆ ಅನುಮಾನ ಬರಲೇಬೇಕು, ಏಕೆಂದರೆ ಕಳವಿನ ಮಾಲು ಹಿಡಿದರೆ ನಷ್ಟ ಅವರದೇ. ಅನುಮಾನಪಡುವುದು ಇಲ್ಲಿ ಹವ್ಯಾಸವಲ್ಲ, ವ್ಯವಹಾರದ ಭಾಗ.

ದೋಷಗಳೂ ಇವೆ. ಹೇಗರ್‌ಳ ಜಾಣತನವನ್ನು ಹ್ಯೂಮ್ ಹಲವು ಕಡೆ ಅವಳ ರಕ್ತದ ಗುಣವೆಂಬಂತೆ ಬರೆಯುತ್ತಾನೆ. ಕಪ್ಪು ಜನಾಂಗದವರನ್ನೂ ಏಷ್ಯಾದವರನ್ನೂ ಚಿತ್ರಿಸುವ ರೀತಿ ಇಂದು ಓದಲು ಕಹಿಯಾಗಿದೆ. ಕಾಕತಾಳೀಯಗಳಿಗಂತೂ ಲೆಕ್ಕವಿಲ್ಲ. ಆದರೂ ಕಸುಬು ಮತ್ತು ಕಥೆ ಇಷ್ಟು ಬಿಗಿಯಾಗಿ ಹೆಣೆದುಕೊಂಡ ಇನ್ನೊಂದು ಪುಸ್ತಕವನ್ನು ಆ ದಶಕದಲ್ಲಿ ನಾನು ಕಂಡಿಲ್ಲ.

ಉತ್ತರ: ಅಂಚೆಪೆಟ್ಟಿಗೆ

ತಾಳೆಗರಿಯವರು ಗಂಭೀರವಾದ ಉದಾಹರಣೆ ಕೊಟ್ಟಿದ್ದಾರೆ. ನಾನು ನಗೆಯ ಕಡೆಯಿಂದ ಒಂದನ್ನು ಸೇರಿಸುತ್ತೇನೆ. ಅಮೆರಿಕದ ಹಾಸ್ಯ ಲೇಖಕ ಎಲ್ಲಿಸ್ ಪಾರ್ಕರ್ ಬಟ್ಲರ್ ಸೃಷ್ಟಿಸಿದ ಫೈಲೋ ಗಬ್ ವೃತ್ತಿಯಿಂದ ಗೋಡೆಗಳಿಗೆ ಅಲಂಕಾರದ ಕಾಗದ ಅಂಟಿಸುವವನು. ಅಯೋವಾ ರಾಜ್ಯದ ರಿವರ್‌ಬ್ಯಾಂಕ್ ಎಂಬ ಕಲ್ಪಿತ ಊರಿನಲ್ಲಿದ್ದುಕೊಂಡು, ರೈಸಿಂಗ್ ಸನ್ ಎಂಬ ಪತ್ತೇದಾರಿ ಸಂಸ್ಥೆಯ ಅಂಚೆ ಪಾಠಗಳನ್ನು ತರಿಸಿಕೊಂಡು ಓದಿ, ಪದವಿಪತ್ರ ಪಡೆದು, ತಾನೂ ಪತ್ತೇದಾರನಾದೆನೆಂದು ನಂಬಿದವನು. ಕಥೆಗಳು ಮೊದಲು ಪತ್ರಿಕೆಯಲ್ಲಿ ಬಂದು 1918ರಲ್ಲಿ ಸಂಕಲನವಾದವು. ಉದ್ದ ಕಾಲಿನ, ಕೊಕ್ಕರೆಯಂಥ ಆಕಾರದ ಈ ಮನುಷ್ಯ ಅದೇ ಸಂಸ್ಥೆಯಿಂದ ತರಿಸಿಕೊಂಡ ಮಾರುವೇಷಗಳನ್ನು ತೊಟ್ಟು ಬೀದಿಗಿಳಿದರೆ, ಎದುರಾದವರೆಲ್ಲ ಅವನನ್ನು ಗುರುತು ಹಿಡಿದು ಮಾತನಾಡಿಸುತ್ತಾರೆ. ಆದರೂ ಹೇಗೋ ಕಳ್ಳರು ಸಿಕ್ಕಿಬೀಳುತ್ತಾರೆ, ಬಹುಮಾನದ ಹಣವೂ ಬರುತ್ತದೆ. ಬಂದ ಹಣವನ್ನು ಅವನು ತನ್ನ ಪ್ರೇಯಸಿಯ ತಂದೆ ಎನಿಸಿಕೊಂಡವನಿಂದ ಕೆಲಸಕ್ಕೆ ಬಾರದ ಚಿನ್ನದ ಗಣಿಯ ಷೇರುಗಳನ್ನು ಕೊಳ್ಳಲು ಸುರಿಯುತ್ತಾನೆ. ಆ ಗಣಿಯ ಹೆಸರಿನಲ್ಲಿಯೇ ‘ಪೂರ್ತಿ ನಿರಾಶಾದಾಯಕ’ ಎಂಬರ್ಥದ ಪದಗಳಿದ್ದರೂ ಅವನಿಗೆ ಅನುಮಾನ ಬರುವುದಿಲ್ಲ.

ಮಸಿಕುಡಿಕೆಯವರ ಷರತ್ತನ್ನು ಅಕ್ಷರಶಃ ಹಿಡಿದರೆ ಗಬ್ ತೇರ್ಗಡೆಯಾಗುವುದಿಲ್ಲ ಎಂದು ಒಪ್ಪುತ್ತೇನೆ. ಕಾಗದ ಅಂಟಿಸುವವನು ಮನೆಯ ಪ್ರತಿ ಕೋಣೆಗೂ ಹೋಗಬಲ್ಲವನು. ಪೀಠೋಪಕರಣ ಸರಿಸಿದ ಮೇಲಿನ ಗೋಡೆ ಹೇಗಿರುತ್ತದೆ, ಹಳೆಯ ಕಾಗದದ ಯಾವ ಭಾಗ ಮಾತ್ರ ಬಣ್ಣಗೆಟ್ಟಿಲ್ಲ, ಯಾವ ತೇಪೆ ಈಚಿನದು ಎಂಬುದು ಅವನ ಕಣ್ಣಿಗೆ ಕೂಡಲೇ ಬೀಳುವಂಥದು. ಈ ಸಂಪತ್ತನ್ನೆಲ್ಲ ಬಟ್ಲರ್ ಬಹುಮಟ್ಟಿಗೆ ಹಾಗೆಯೇ ಬಿಟ್ಟಿದ್ದಾನೆ, ಏಕೆಂದರೆ ಅವನಿಗೆ ಬೇಕಾಗಿದ್ದುದು ಬೇರೆ. ಕೈಯಲ್ಲಿ ಗೋಂದಿನ ಬಕೆಟ್ಟು, ತಲೆಯಲ್ಲಿ ಅಂಚೆ ಪಾಠದ ಸೂತ್ರಗಳು, ಇವೆರಡರ ನಡುವಿನ ಅಂತರವೇ ಅವನ ವಸ್ತು. ಕಸುಬು ಇಲ್ಲಿ ಅಪರಾಧವನ್ನು ಬಿಡಿಸುವುದಿಲ್ಲವಾದರೂ ಮನುಷ್ಯನನ್ನು ಬಿಡಿಸಿ ತೋರಿಸುತ್ತದೆ. ಆದ್ದರಿಂದ ನಿಮ್ಮ ಷರತ್ತನ್ನು ಸ್ವಲ್ಪ ಸಡಿಲಿಸಬೇಕೆಂದು ನನ್ನ ವಾದ.

ಇದೇ ಉಪಾಯವನ್ನು ಪರ್ಸಿವಲ್ ವೈಲ್ಡ್ ‘ಪಿ. ಮೊರಾನ್, ಆಪರೇಟಿವ್’ ಎಂಬ 1947ರ ಪುಸ್ತಕದಲ್ಲಿ ಮತ್ತೆ ಬಳಸಿದ್ದಾನೆ. ಅಲ್ಲಿ ಅಂಚೆ ಪಾಠ ಓದುವವನು ಶ್ರೀಮಂತರ ಮನೆಯ ಕಾರು ಚಾಲಕ, ಮತ್ತು ಇಡೀ ಕಥೆ ಅವನಿಗೂ ಅಂಚೆ ಶಾಲೆಯವರಿಗೂ ನಡುವೆ ಓಡಾಡುವ ಪತ್ರಗಳಲ್ಲಿಯೇ ಸಾಗುತ್ತದೆ. ಬರಹದ ಕುಶಲತೆಯಲ್ಲಿ ಇದು ಗಬ್ ಕಥೆಗಳಿಗಿಂತ ಒಂದು ಕೈ ಮೇಲು.

ಉತ್ತರ: ಕಾಲುದಾರಿ

ಷರತ್ತು ಸಡಿಲಿಸುವುದು ಬೇಡ, ಗಟ್ಟಿ ಮಾಡೋಣ. ಕಸುಬಿನಿಂದ ಬಂದ ಅರಿವೇ ಅಪರಾಧವನ್ನು ಬಿಡಿಸಬೇಕು ಎಂದಾದರೆ ಹೆಸ್ಕೆತ್ ಪ್ರಿಚರ್ಡ್ ಬರೆದ ‘ನವೆಂಬರ್ ಜೋ’ (1913) ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಜೋ ಕೆನಡಾದ ಕಾಡುಗಳಲ್ಲಿ ಬೇಟೆಗಾರರಿಗೆ ದಾರಿ ತೋರಿಸಿ ಬದುಕುವ ತರುಣ. ಹೆಜ್ಜೆಗುರುತಿನ ಆಳ, ಮುರಿದ ಕಡ್ಡಿ, ಬಿಡಾರ ಹೂಡಿದವನು ಬೆಂಕಿ ಹಾಕಿದ ರೀತಿ, ಇವನ್ನೆಲ್ಲ ಅವನು ದಿನವೂ ಓದುತ್ತಾನೆ. ಅಪರಾಧ ನಡೆದಾಗಲೂ ಅದನ್ನೇ ಓದುತ್ತಾನೆ, ಅಷ್ಟೇ. ಲೇಖಕನಿಗೂ ಈ ವಿದ್ಯೆ ಪುಸ್ತಕದಿಂದ ಬಂದದ್ದಲ್ಲ. ಪ್ರಿಚರ್ಡ್ ಸ್ವತಃ ಬೇಟೆಗಾರ ಮತ್ತು ಪ್ರವಾಸಿಯಾಗಿದ್ದ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಮರೆಯಿಂದ ಗುರಿಯಿಡುವುದನ್ನೂ ವೈರಿಯ ಚಲನವಲನ ಗಮನಿಸುವುದನ್ನೂ ಕಲಿಸುವ ಶಾಲೆ ಕಟ್ಟಿ, ಆ ಅನುಭವವನ್ನು 1920ರಲ್ಲಿ ಪುಸ್ತಕವಾಗಿಯೂ ಬರೆದ.

ಎರಡನೆಯದಾಗಿ ಮೆಲ್ವಿಲ್ ಡೇವಿಸನ್ ಪೋಸ್ಟ್‌ನ ಅಂಕಲ್ ಅಬ್ನರ್. 1911ರಿಂದ ಪತ್ರಿಕೆಗಳಲ್ಲಿ ಬಂದು 1918ರಲ್ಲಿ ಪುಸ್ತಕವಾದ ಈ ಕಥೆಗಳು ಅಮೆರಿಕದ ಅಂತರ್ಯುದ್ಧಕ್ಕೆ ಹಿಂದಿನ ವರ್ಜೀನಿಯಾದ ಪಶ್ಚಿಮದ ಗುಡ್ಡಗಾಡಿನಲ್ಲಿ ನಡೆಯುತ್ತವೆ. ಹೇಳುವವನು ಅಬ್ನರ್‌ನ ಸೋದರನ ಮಗ ಮಾರ್ಟಿನ್. ಅಬ್ನರ್ ಜಾನುವಾರು ಸಾಕುವ, ಬೈಬಲ್ಲನ್ನು ಬಿಡದೆ ಓದುವ ಒಕ್ಕಲಿಗ. ಅವನ ಹೆಸರನ್ನು ಉಳಿಸಿರುವುದು ಒಳಗಿನಿಂದ ಮುಚ್ಚಿದ ಕೋಣೆಯ ಕೊಲೆಯ ಕಥೆ, ‘ದಿ ಡೂಮ್‌ಡಾರ್ಫ್ ಮಿಸ್ಟರಿ’. ಅದರ ಗುಟ್ಟನ್ನು ಇಲ್ಲಿ ಹೇಳುವುದಿಲ್ಲ. ಆದರೆ ನನಗೆ ಹೆಚ್ಚು ಹಿಡಿಸಿದ್ದು ‘ಆನ್ ಆ್ಯಕ್ಟ್ ಆಫ್ ಗಾಡ್’. ಅದರಲ್ಲಿ ಹುಟ್ಟಿನಿಂದ ಕಿವುಡನೂ ಮೂಕನೂ ಆಗಿದ್ದವನು ಬರೆದನೆನ್ನಲಾದ ಕಾಗದವೊಂದು ಬರುತ್ತದೆ. ಅದರಲ್ಲಿನ ಕಾಗುಣಿತದ ತಪ್ಪು, ಪದವನ್ನು ಕಿವಿಯಿಂದ ಕೇಳಿದವನು ಮಾತ್ರ ಮಾಡಬಹುದಾದ ತಪ್ಪು ಎಂದು ಅಬ್ನರ್ ತೋರಿಸುತ್ತಾನೆ. ಇದಕ್ಕೂ ದನಕರುಗಳಿಗೂ ಸಂಬಂಧವಿಲ್ಲ ಎಂದು ಮಸಿಕುಡಿಕೆಯವರು ಆಕ್ಷೇಪಿಸಬಹುದು. ಆದರೆ ಕಥೆಗಳ ಒಳಗಿನ ಜಗಳಗಳನ್ನು ನೋಡಿ: ಮಾರಿದ ಹಿಂಡು, ಹಣ ಹೊತ್ತು ಗುಡ್ಡ ದಾಟುವ ಸವಾರ, ಭೂಮಿಯ ಹಕ್ಕುಪತ್ರ. ಒಂದು ಕಥೆಯಲ್ಲಂತೂ ಜಾನುವಾರು ವ್ಯಾಪಾರಿಯ ಕೊಲೆಯ ಆರೋಪ ಹೊರಿಸಿ ಊರವರೇ ಮರಕ್ಕೆ ನೇಣು ಕಟ್ಟಲು ಹೊರಟಿರುವಾಗ, ಸಾಂದರ್ಭಿಕ ಸಾಕ್ಷ್ಯ ಎಷ್ಟು ಸುಲಭವಾಗಿ ಸುಳ್ಳಾಡಬಲ್ಲುದು ಎಂಬುದನ್ನು ಅಬ್ನರ್ ನಿಂತ ನೆಲದ ಮೇಲೆಯೇ ಬಿಡಿಸಿ ತೋರಿಸುತ್ತಾನೆ. ಅವನ ಮಾತನ್ನು ಅವರೆಲ್ಲ ಕೇಳುವುದು ಅವನು ಅವರಲ್ಲೊಬ್ಬ ಎಂಬ ಕಾರಣಕ್ಕೆ. ನಗರದಿಂದ ಬಂದ ಪತ್ತೇದಾರನಾಗಿದ್ದರೆ ಅವನನ್ನೂ ಅದೇ ಕೊಂಬೆಗೆ ಕಟ್ಟುತ್ತಿದ್ದರು.

ಉತ್ತರ: ರಾತ್ರಿಪಾಳಿ

ಇಲ್ಲಿಯವರೆಗಿನ ಚರ್ಚೆಯಲ್ಲಿ ನರ್ಸುಗಳು ಒಮ್ಮೆಯೂ ಬರಲಿಲ್ಲವೆಂಬುದು ಆಶ್ಚರ್ಯ. ಮೇರಿ ರಾಬರ್ಟ್ಸ್ ರೈನ್‌ಹಾರ್ಟ್ 1914ರಲ್ಲಿ ಹಿಲ್ಡಾ ಆ್ಯಡಮ್ಸ್ ಎಂಬ ನರ್ಸನ್ನು ಎರಡು ನೀಳ್ಗತೆಗಳಲ್ಲಿ ತಂದರು, 1932ರ ‘ಮಿಸ್ ಪಿಂಕರ್ಟನ್’ ಕಾದಂಬರಿಯಲ್ಲಿ ಮತ್ತೆ ಕರೆತಂದರು. ಲೇಖಕಿ ತಾವೇ ಪಿಟ್ಸ್‌ಬರ್ಗ್‌ನಲ್ಲಿ ನರ್ಸಿಂಗ್ ತರಬೇತಿ ಪಡೆದವರು. ಮಿನ್ಯಾನ್ ಎಬರ್‌ಹಾರ್ಟ್ ಅವರ ನರ್ಸ್ ಸಾರಾ ಕೀಟ್ 1929ರಲ್ಲಿ ಬಂದಳು. ಅವಳ ಮೊದಲ ಕಾದಂಬರಿ ನಡೆಯುವುದೇ ಆಸ್ಪತ್ರೆಯೊಳಗೆ.

ಕಸುಬು ಕಥೆಯಲ್ಲಿ ಮಾಡುವ ಕೆಲಸವೆಂದರೆ ಅರಿವು ಒದಗಿಸುವುದು ಮಾತ್ರ ಎಂದು ಕಾಲುದಾರಿಯವರು ತಿಳಿದಂತಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಪ್ರವೇಶ. ಶ್ರೀಮಂತರ ಮನೆಯಲ್ಲಿ ಕಾಯಿಲೆ ಬಿದ್ದವರ ಕೋಣೆಯಲ್ಲಿ ರಾತ್ರಿಯಿಡೀ ಕುಳಿತಿರಲು ಪೊಲೀಸರಿಗೆ ಸಾಧ್ಯವಿಲ್ಲ, ಬಂಧುಗಳಿಗೂ ಕಷ್ಟ. ನರ್ಸಿಗೆ ಅದು ಸಂಬಳದ ಕೆಲಸ. ಮೆಟ್ಟಿಲ ಮೇಲೆ ನಡುರಾತ್ರಿ ಕೇಳಿದ ಹೆಜ್ಜೆ ಯಾರದು, ಔಷಧದ ಸೀಸೆಯ ಮಟ್ಟ ಸಂಜೆ ಎಷ್ಟಿತ್ತು, ಬೆಳಗ್ಗೆ ಎಷ್ಟಿದೆ, ಯಾರು ಅಡುಗೆಮನೆಗೆ ಅಕಾರಣವಾಗಿ ಇಳಿದರು, ಇದೆಲ್ಲ ಅವಳಿಗೆ ಗೊತ್ತಿರುತ್ತದೆ, ಏಕೆಂದರೆ ನಾಡಿ, ಜ್ವರ, ಔಷಧ ಕೊಟ್ಟ ಹೊತ್ತು ಇವುಗಳನ್ನು ಬರೆದಿಡುವುದು ಅವಳ ಅಭ್ಯಾಸ. ಸಮವಸ್ತ್ರದಲ್ಲಿರುವ ಹೆಂಗಸಿನ ಎದುರಿಗೆ ಮನೆಯವರು ಅವಳು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಮಾತನಾಡುತ್ತಾರೆ, ಜಗಳವಾಡುತ್ತಾರೆ. ಪತ್ತೇದಾರಿ ಅಧಿಕಾರಿಯೊಬ್ಬ ಹಿಲ್ಡಾಳನ್ನು ಇಂಥ ಮನೆಗಳಿಗೆ ಕಳಿಸುವುದು ಈ ಕಾರಣಕ್ಕಾಗಿಯೇ. ಇದರಲ್ಲೊಂದು ತೊಡಕೂ ಇದೆ: ರೋಗಿಯ ನಂಬಿಕೆಯನ್ನು ಕಾಯಬೇಕಾದವಳು ಅದೇ ಮನೆಯ ಗುಟ್ಟನ್ನು ಹೊರಗೆ ಮುಟ್ಟಿಸುತ್ತಿದ್ದಾಳೆ. ಸಿರಿವಂತ ಹವ್ಯಾಸಿಗೆ ಇಂಥ ಇಕ್ಕಟ್ಟು ಬರುವುದೇ ಇಲ್ಲ, ಏಕೆಂದರೆ ಅವನು ಯಾರಿಗೂ ಬದ್ಧನಲ್ಲ.

ಮಸಿಕುಡಿಕೆ:

ಎಲ್ಲರಿಗೂ ಕೃತಜ್ಞತೆಗಳು. ಅರಿವು, ಪ್ರವೇಶ, ಅಂಗಡಿಯ ಕಟ್ಟೆಗೆ ತಾನಾಗಿ ಬರುವ ಸಾಕ್ಷ್ಯ: ಮೂರನ್ನೂ ಒಪ್ಪಿದೆ. ಅಂಚೆಪೆಟ್ಟಿಗೆಯವರ ಫೈಲೋ ಗಬ್‌ಗೆ ಮಾತ್ರ ಇನ್ನೂ ಬಾಗಿಲು ತೆರೆದಿಲ್ಲ, ಆದರೂ ಓದುತ್ತೇನೆ. ನನ್ನ ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಇಷ್ಟು ಚೆನ್ನಾಗಿರುವವರು ಮರೆಗೆ ಸರಿದದ್ದೇಕೆ?

ಉತ್ತರ: ತಾಳೆಗರಿ

ಒಂದು ಕಾರಣ ಮಾರುಕಟ್ಟೆಯದು. ಇವರಲ್ಲಿ ಹೆಚ್ಚಿನವರು ಪತ್ರಿಕೆಗಳ ಸಣ್ಣಕಥೆಗಳಿಗಾಗಿ ಹುಟ್ಟಿದವರು. 1891ರಲ್ಲಿ ಆರಂಭವಾದ ‘ಸ್ಟ್ರಾಂಡ್’ ಪತ್ರಿಕೆಯಲ್ಲಿ ಷರ್ಲಾಕ್ ಹೋಮ್ಸ್ ಗೆದ್ದ ಬಳಿಕ ಪ್ರತಿ ಸಂಪಾದಕನಿಗೂ ತನ್ನದೇ ಆದ ಒಬ್ಬ ಪತ್ತೇದಾರ ಬೇಕಾಯಿತು, ಮತ್ತು ಪ್ರತಿ ಲೇಖಕನಿಗೂ ಇನ್ನೊಬ್ಬರು ಬಳಸದ ಒಂದು ವೇಷ ಬೇಕಾಯಿತು. ಕಸುಬು ಆ ವೇಷಗಳಲ್ಲೊಂದು. ಹೆಡನ್ ಹಿಲ್ 1895ರಲ್ಲಿ ಕಾಳಾ ಪರ್ಸಾದ್ ಎಂಬ ಭಾರತೀಯ ಹಾವಾಡಿಗನನ್ನೇ ಲಂಡನ್ನಿನ ಕಚೇರಿಯೊಂದರಲ್ಲಿ ಕೂರಿಸಿ ಅವನಿಂದ ಅಪರಾಧಿಗಳ ಹೆಸರು ಹೇಳಿಸಿದ. ಅಂಥ ಕಥೆಗಳು ಮರೆತುಹೋದದ್ದಕ್ಕೆ ನನಗೆ ವ್ಯಥೆಯೇನೂ ಇಲ್ಲ. ಮೊದಲನೆಯ ಮಹಾಯುದ್ಧದ ನಂತರ ಪತ್ತೇದಾರಿ ಸಾಹಿತ್ಯದ ಮುಖ್ಯ ರೂಪ ಕಾದಂಬರಿಯಾಯಿತು. ಒಂದೇ ಸಂಕಲನದಲ್ಲಿ ಮುಗಿದುಹೋದ ಪಾತ್ರವನ್ನು ಮರುಮುದ್ರಿಸಲು ಪ್ರಕಾಶಕರಿಗೆ ಆಸಕ್ತಿ ಉಳಿಯಲಿಲ್ಲ. ರೈನ್‌ಹಾರ್ಟ್ ಕಾದಂಬರಿಕಾರ್ತಿಯಾಗಿದ್ದರಿಂದಲೇ ಹಿಲ್ಡಾ ಇವರೆಲ್ಲರಿಗಿಂತ ಹೆಚ್ಚು ಕಾಲ ಅಚ್ಚಿನಲ್ಲಿ ಉಳಿದಳು ಎಂಬುದು ನನ್ನ ಅಂದಾಜು.

ಇನ್ನೊಂದು ಕಾರಣ ನೀವು ಮೆಚ್ಚಿದ ಗುಣದ ಒಳಗೇ ಇದೆ. ಕಸುಬು ಮನುಷ್ಯನನ್ನು ಒಂದು ಜಾಗಕ್ಕೆ ಕಟ್ಟಿಹಾಕುತ್ತದೆ. ಒಂದೇ ಗಿರವಿ ಅಂಗಡಿಗೆ ಎಷ್ಟು ರಹಸ್ಯಗಳು ಬಂದಾವು? ಹ್ಯೂಮ್‌ಗೆ ಇದು ತಿಳಿದಿತ್ತು; ಆದ್ದರಿಂದಲೇ ಅವನು ಹೇಗರ್‌ಳ ಮದುವೆ ಮಾಡಿಸಿ, ಗಂಡನೊಂದಿಗೆ ಬಂಡಿಯಲ್ಲಿ ಊರೂರು ಸುತ್ತಿ ಪುಸ್ತಕ ಮಾರುವ ವೃತ್ತಿಗೆ ಕಳಿಸಿ ಪುಸ್ತಕ ಮುಗಿಸಿದ. ಸಿರಿವಂತ ಹವ್ಯಾಸಿಯಾದರೋ ಇಪ್ಪತ್ತು ಕಾದಂಬರಿಗಳ ಉದ್ದಕ್ಕೂ ಒಂದು ಬಂಗಲೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರಬಹುದು.

ಮರೆವು ಪೂರ್ತಿಯಾದದ್ದೇನೂ ಅಲ್ಲ. ಹ್ಯೂ ಗ್ರೀನ್ ಸಂಪಾದಿಸಿದ ಸಂಕಲನಗಳನ್ನು ಅನುಸರಿಸಿ ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್ 1971ರಿಂದ 1973ರವರೆಗೆ ಪ್ರಸಾರ ಮಾಡಿದ ‘ದಿ ರೈವಲ್ಸ್ ಆಫ್ ಷರ್ಲಾಕ್ ಹೋಮ್ಸ್’ ಸರಣಿಯಲ್ಲಿ ಹೇಗರ್‌ಳ ಅಂಬರ್ ಮಣಿಗಳ ಕಥೆಯೂ ಬಂದಿತ್ತು. ಹೇಗರ್ ಮತ್ತು ಫೈಲೋ ಗಬ್ ಇಬ್ಬರ ಪುಸ್ತಕಗಳೂ ಹಕ್ಕುಸ್ವಾಮ್ಯದ ಅವಧಿ ಮುಗಿದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಹೇಗರ್‌ಳನ್ನು ಓದುವಾಗ ಮೊದಲ ಅಧ್ಯಾಯವನ್ನು ಬಿಡಬೇಡಿ. ಅವಳು ಅಂಗಡಿಗೆ ಬಂದು ಸೇರುವ ಬಗೆ ಅಲ್ಲಿದೆ, ಮತ್ತು ಕೊನೆಯ ಅಧ್ಯಾಯ ಅದರ ಮೇಲೆಯೇ ನಿಂತಿದೆ. ಅಬ್ನರ್ ಕಥೆಗಳನ್ನು ಮಾತ್ರ ಒಂದೇ ಉಸಿರಿನಲ್ಲಿ ಓದಬೇಡಿ. ಒಂದಾದ ಮೇಲೊಂದು ಓದಿದರೆ ಅವನ ದೈವನ್ಯಾಯದ ಮಾತು ಉಪದೇಶದಂತೆ ಕೇಳತೊಡಗುತ್ತದೆ.